ಗುಂಡು ಹಾರಿಸುವ ಅಪ್ಪಣೆ ಯಾರದು?

ಕೇಳುಗರಿಗೆ ನಮಸ್ಕಾರ.

2025ರ ಅಕ್ಟೋಬರ್ 8ರಂದು ಕೇರಳ ವಿಧಾನಸಭೆ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಸಂಸತ್ತು ಮಾಡಿದ್ದು. ಅದನ್ನು ತನ್ನ ರಾಜ್ಯದ ಮಟ್ಟಿಗೆ ತಿದ್ದಲು ಕೇರಳ ಹೊರಟಿದೆ. ಮಸೂದೆಯಲ್ಲಿ ಮುಖ್ಯವಾದ ಮಾತುಗಳು ಎರಡು. ಜನರ ಮೇಲೆರಗಿ ತೀವ್ರವಾಗಿ ಗಾಯಗೊಳಿಸಿದ ಕಾಡುಪ್ರಾಣಿಯ ಬಗ್ಗೆ ಜಿಲ್ಲಾಧಿಕಾರಿಯೋ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿಯೋ ವರದಿ ಕೊಟ್ಟರೆ, ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ತಡಮಾಡದೆ ಅದನ್ನು ಕೊಲ್ಲಲೂ ಆದೇಶ ಕೊಡಬಹುದು ಎಂಬುದು ಮೊದಲನೆಯದು. ಕಾಡುಹಂದಿಯಂತಹ, ಕಾಯ್ದೆಯ ಎರಡನೆಯ ಅನುಸೂಚಿ ಎಂಬ ಪಟ್ಟಿಯಲ್ಲಿರುವ ಪ್ರಾಣಿಗಳನ್ನು ಉಪದ್ರವಕಾರಿ ಎಂದು ಸಾರುವ ಅಧಿಕಾರ ಕೇಂದ್ರದಿಂದ ರಾಜ್ಯದ ಕೈಗೆ ಬರಬೇಕು ಎಂಬುದು ಎರಡನೆಯದು. ಪತ್ರಿಕೆಗಳಲ್ಲಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟರು. ಸದ್ದು ಮಾಡಿದ್ದು ಮೊದಲನೆಯದು. ಭಯಪಡಬೇಕಾದದ್ದು ಎರಡನೆಯದಕ್ಕೆ ಎಂಬುದು ನನ್ನ ಅಭಿಪ್ರಾಯ.

ಕೇರಳದ ಮಸೂದೆಗೂ ನಮಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ಬೇಲೂರು ಮಖ್ನಾ ಎಂಬ ಆನೆಯ ಹೆಸರು ಹೇಳಿದರೆ ಸಾಕು. ಕೋರೆಯಿಲ್ಲದ ಈ ಗಂಡಾನೆ ಹಾಸನ ಜಿಲ್ಲೆಯ ಕಾಫಿ ತೋಟಗಳಲ್ಲಿ ಓಡಾಡಿಕೊಂಡಿತ್ತು. 2023ರ ನವೆಂಬರ್ ಕೊನೆಯಲ್ಲಿ ನಮ್ಮ ಅರಣ್ಯ ಇಲಾಖೆ ಅದಕ್ಕೆ ಅರಿವಳಿಕೆ ಕೊಟ್ಟು ಹಿಡಿದು, ಕೊರಳಿಗೆ ರೇಡಿಯೊ ಕಾಲರ್ ತೊಡಿಸಿ, ಬಂಡೀಪುರದ ಕಾಡಿಗೆ ಬಿಟ್ಟಿತು. ಆನೆಗೆ ರಾಜ್ಯದ ಗಡಿ ಗೊತ್ತಿಲ್ಲವಲ್ಲ, ಅದು ವಯನಾಡಿಗೆ ನಡೆಯಿತು. 2024ರ ಫೆಬ್ರವರಿ 10ರಂದು ಮಾನಂದವಾಡಿಯ ಬಳಿ ಮನೆಯ ಅಂಗಳಕ್ಕೇ ನುಗ್ಗಿ ಒಬ್ಬರನ್ನು ಕೊಂದಿತು. ಊರಿಗೆ ಊರೇ ರಸ್ತೆಗಿಳಿಯಿತು. ಕಾಲರಿನ ಮಾಹಿತಿ ಯಾರಿಗೆ, ಯಾವಾಗ ಸಿಕ್ಕಿತು ಎಂದು ಎರಡು ರಾಜ್ಯಗಳ ನಡುವೆ ಜಗಳವೂ ಆಯಿತು. ಕೆಲವೇ ದಿನಗಳಲ್ಲಿ ಕೇರಳ ವಿಧಾನಸಭೆ, ಕಾಯ್ದೆಯನ್ನು ತಿದ್ದಿ ಎಂದು ಕೇಂದ್ರವನ್ನು ಕೋರುವ ನಿರ್ಣಯವನ್ನು ಅವಿರೋಧವಾಗಿ ಮಾಡಿತು. ಮುಂದಿನ ತಿಂಗಳು ಕರ್ನಾಟಕ, ಕೇರಳ, ತಮಿಳುನಾಡುಗಳ ಅರಣ್ಯ ಇಲಾಖೆಗಳವರು ಬಂಡೀಪುರದಲ್ಲಿ ಕುಳಿತು ಪರಸ್ಪರ ಸಹಕಾರದ ಒಪ್ಪಂದಕ್ಕೆ ಸಹಿ ಹಾಕಿದರು.

ಕಾಯ್ದೆಯ ಹನ್ನೊಂದನೆಯ ಕಲಮು ಏನನ್ನುತ್ತದೆ ನೋಡಿ. ಹುಲಿ, ಆನೆ, ಚಿರತೆ ಮೊದಲನೆಯ ಅನುಸೂಚಿಯಲ್ಲಿವೆ. ಇವು ಮನುಷ್ಯನ ಪ್ರಾಣಕ್ಕೆ ಅಪಾಯಕಾರಿಯಾಗಿವೆ ಎಂದು ಮನವರಿಕೆಯಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಕಾರಣಗಳನ್ನು ಬರೆದು ಬೇಟೆಗೆ ಅನುಮತಿ ಕೊಡಬಹುದು. ಆದರೆ ಹಿಡಿಯಲು, ಅರಿವಳಿಕೆ ಕೊಡಲು, ಬೇರೆಡೆಗೆ ಸಾಗಿಸಲು ಸಾಧ್ಯವೇ ಇಲ್ಲ ಎಂದು ಖಚಿತವಾದ ಮೇಲೆ ಮಾತ್ರ ಕೊಲ್ಲಬೇಕು. ಮಖ್ನಾ ವಿಷಯದಲ್ಲಿ ನಮ್ಮವರು ಮಾಡಿದ್ದು ಕಾನೂನು ಹೇಳಿದ್ದನ್ನೇ. ಹಿಡಿದರು, ಸಾಗಿಸಿದರು, ಆನೆಯ ಜೊತೆ ಅಪಾಯವನ್ನೂ ಸಾಗಿಸಿದರು.

ಇನ್ನು ತಡದ ಮಾತು. ರಾಜ್ಯಕ್ಕೆ ಬೇಕಾದ ಅಧಿಕಾರ ಈಗಲೇ ಇದೆ ಎಂಬುದು ಕೇಂದ್ರದ ವಾದ. ಅದರಲ್ಲಿ ಸುಳ್ಳಿಲ್ಲ. 2023ರ ಡಿಸೆಂಬರಿನಲ್ಲಿ ವಯನಾಡಿನ ವಾಕೇರಿಯಲ್ಲಿ ಹುಲಿ ಒಬ್ಬರನ್ನು ಕೊಂದಾಗ ಅಗತ್ಯ ಬಿದ್ದರೆ ಕೊಲ್ಲಲು ಆದೇಶ ಹೊರಟಿತು. ಕೊನೆಗೆ ಹುಲಿ ಬೋನಿಗೆ ಬಿತ್ತು. 2025ರ ಜನವರಿಯಲ್ಲಿ ಪಂಚಾರಕೊಲ್ಲಿಯ ಕಾಫಿ ತೋಟದಲ್ಲಿ ಆದಿವಾಸಿ ಮಹಿಳೆಯೊಬ್ಬರು ಹುಲಿಗೆ ಬಲಿಯಾದಾಗಲೂ ಅದೇ ಬಗೆಯ ಆದೇಶ ಹೊರಟಿತು. ಗುಂಡು ಹಾರುವ ಮೊದಲೇ ಹುಲಿ ಸತ್ತು ಬಿದ್ದಿತ್ತು. ಹಾಗಾದರೆ ತಡವಾಗುವುದು ಎಲ್ಲಿ? ದಾಳಿ ಮಾಡಿದ ಪ್ರಾಣಿ ಯಾವುದು ಎಂದು ಗುರುತಿಸುವಲ್ಲಿ. ಒಂದು ಹುಲಿಯ ಪಟ್ಟೆಯಂತೆ ಇನ್ನೊಂದರದು ಇರುವುದಿಲ್ಲ. ಮರಗಳಿಗೆ ಕ್ಯಾಮೆರಾ ಕಟ್ಟಿ, ಚಿತ್ರ ಸಿಗುವವರೆಗೆ ಕಾದು, ಹಳೆಯ ಚಿತ್ರಗಳೊಂದಿಗೆ ಹೋಲಿಸಿ ನೋಡಬೇಕು. ಮೂರು ನಾಲ್ಕು ಹುಲಿಗಳು ಓಡಾಡುವ ತೋಟದಂಚಿನಲ್ಲಿ ಈ ಕೆಲಸ ಬಿಟ್ಟು ಬಂದೂಕು ಎತ್ತಿದರೆ ತಪ್ಪು ಹುಲಿ ಸಾಯುತ್ತದೆ, ಜನರನ್ನು ಕೊಂದದ್ದು ಉಳಿದುಕೊಳ್ಳುತ್ತದೆ. ಲೈನ್ ಮನೆಯಲ್ಲಿ ಮಲಗುವ ಕೂಲಿಯವರಿಗೆ ಅದಕ್ಕಿಂತ ದೊಡ್ಡ ಮೋಸ ಬೇರೆ ಇಲ್ಲ. ಜಿಲ್ಲಾಧಿಕಾರಿಯ ವರದಿಯಿಂದ ಕಡತ ಬೇಗ ಸಾಗೀತು; ಕ್ಯಾಮೆರಾದ ಮುಂದೆ ಹುಲಿ ಬೇಗ ಬರುವುದಿಲ್ಲ. ಆದರೂ ಹೆಣವನ್ನು ರಸ್ತೆಯಲ್ಲಿಟ್ಟು ಕುಳಿತ ಊರಿನವರ ಮುಂದೆ ನಿಂತು ಉತ್ತರಿಸಬೇಕಾದವರು ಶಾಸಕರೇ. ಅವರ ಅವಸರ ನನಗೆ ಅರ್ಥವಾಗುತ್ತದೆ.

ಎರಡನೆಯ ಮಾತಿಗೆ ಬರುತ್ತೇನೆ. ಕಾಯ್ದೆಯ 62ನೆಯ ಕಲಮಿನಂತೆ ಕೇಂದ್ರ ಸರ್ಕಾರ ಒಂದು ಪ್ರಾಣಿಯನ್ನು ಇಂತಿಷ್ಟು ಪ್ರದೇಶದಲ್ಲಿ, ಇಂತಿಷ್ಟು ಅವಧಿಗೆ ಉಪದ್ರವಕಾರಿ ಎಂದು ಘೋಷಿಸಬಹುದು. ಘೋಷಿಸಿದ ಮೇಲೆ ಆ ಅವಧಿಯಲ್ಲಿ ಆ ಪ್ರಾಣಿ ಅನುಸೂಚಿಯಲ್ಲಿ ಇಲ್ಲವೆಂದೇ ಲೆಕ್ಕ. ಯಾರು ಕೊಂದರು, ಯಾಕೆ ಕೊಂದರು, ಹೇಗೆ ಕೊಂದರು ಎಂದು ಆ ಕಾಯ್ದೆಯಡಿ ಕೇಳುವವರಿಲ್ಲ. ಕಾರಣ ಬರೆಯಬೇಕಾದ ಅಧಿಕಾರಿಯೇ ಅಲ್ಲಿ ಇಲ್ಲ.

ಇದರ ರುಚಿಯನ್ನು ಉತ್ತರದ ರಾಜ್ಯಗಳು ನೋಡಿವೆ. ಬಿಹಾರದ ಕೆಲವು ಜಿಲ್ಲೆಗಳಲ್ಲಿ ನೀಲಗಾಯಿ ಮತ್ತು ಕಾಡುಹಂದಿಗಳನ್ನು ಹೀಗೆ ಘೋಷಿಸಿದ ಮೇಲೆ, 2016ರ ಜೂನಿನಲ್ಲಿ ಮೊಕಾಮಾ ಬಯಲಿನಲ್ಲಿ ಹೊರಗಿನಿಂದ ಕರೆಸಿದ ಗುರಿಕಾರರು ಕೆಲವೇ ದಿನಗಳಲ್ಲಿ ಇನ್ನೂರಕ್ಕೂ ಹೆಚ್ಚು ನೀಲಗಾಯಿಗಳನ್ನು ಹೊಡೆದರು. ಕೇಂದ್ರದ ಇಬ್ಬರು ಸಚಿವರು ಬಹಿರಂಗವಾಗಿಯೇ ಕಚ್ಚಾಡಿದರು. ಅದೇ ವರ್ಷ ಶಿಮ್ಲಾದಲ್ಲಿ ಕೋತಿಗಳನ್ನು ಉಪದ್ರವಕಾರಿ ಎಂದು ಸಾರಿದರೂ ಅವುಗಳನ್ನು ಕೊಲ್ಲಲು ಜನ ಮುಂದೆ ಬರಲಿಲ್ಲ. ಹನುಮಂತನಿಗೆ ಕೈಮುಗಿದು ಬಂದವನು ಬಂದೂಕು ಹಿಡಿದಾನೆಯೇ?

ಕಾಡುಹಂದಿಗೆ ಅಂತಹ ಯಾವ ರಕ್ಷಣೆಯೂ ಇಲ್ಲ. ಒಂದೇ ರಾತ್ರಿಯಲ್ಲಿ ಮರಗೆಣಸಿನ ಗದ್ದೆಯನ್ನು ಬುಡಮೇಲು ಮಾಡುವ ಹಂದಿಯ ಮೇಲೆ ರೈತನಿಗೆ ಕನಿಕರ ಇರಬೇಕೆಂದು ನಾನೂ ಹೇಳುವುದಿಲ್ಲ. ನನ್ನ ಆತಂಕ ಹಂದಿಯದ್ದಲ್ಲ, ಅದಕ್ಕೆ ಒಡ್ಡುವ ತಂತಿಯ ಉರುಳಿನದು, ಸಿಡಿಮದ್ದಿನದು. ಹಂದಿಗೆಂದು ಕಟ್ಟಿದ ಉರುಳಿನಲ್ಲಿ ಚಿರತೆ ಸೊಂಟಕ್ಕೆ ಸಿಕ್ಕಿಕೊಂಡು ನರಳಿ ಸಾಯುವುದು ನಮ್ಮ ಜಿಲ್ಲೆಗಳಲ್ಲಿ ಹೊಸ ಸುದ್ದಿಯಲ್ಲ. 2020ರ ಮೇ ತಿಂಗಳಿನಲ್ಲಿ ಪಾಲಕ್ಕಾಡ್ ಜಿಲ್ಲೆಯಲ್ಲಿ ಗರ್ಭಿಣಿ ಆನೆಯೊಂದು ಸಿಡಿಮದ್ದು ತುಂಬಿದ ತಿನಿಸನ್ನು ಕಚ್ಚಿ, ದವಡೆ ಛಿದ್ರವಾಗಿ, ಹೊಳೆಯ ನೀರಿನಲ್ಲಿ ನಿಂತೇ ಪ್ರಾಣ ಬಿಟ್ಟಿತು. ಆ ಮದ್ದು ಕಾಡುಹಂದಿಗೆ ಇಟ್ಟದ್ದು. ಕೊಂದರೆ ಕೇಳುವವರಿಲ್ಲ ಎಂದಾದ ದಿನ ಲೈಸೆನ್ಸ್ ಇರುವ ಬಂದೂಕಿಗಿಂತ ಅಗ್ಗದ ತಂತಿಯೇ ಹೆಚ್ಚಾಗುತ್ತದೆ.

ರಾಜ್ಯವೊಂದು ಸಂಸತ್ತಿನ ಕಾಯ್ದೆಯನ್ನು ತಿದ್ದಬಹುದೇ? ತಿದ್ದಬಹುದು. ಮೊದಲು ವನ್ಯಜೀವಿ ರಾಜ್ಯಪಟ್ಟಿಯಲ್ಲೇ ಇತ್ತು. 11 ರಾಜ್ಯಗಳ ವಿಧಾನಮಂಡಲಗಳು ತಾವಾಗಿ ಠರಾವು ಮಾಡಿ ಕೇಳಿಕೊಂಡಿದ್ದರಿಂದಲೇ ಸಂಸತ್ತು 1972ರಲ್ಲಿ ಕಾಯ್ದೆ ಮಾಡಿತು. 1976ರ ಸಂವಿಧಾನದ 42ನೆಯ ತಿದ್ದುಪಡಿ ವಿಷಯವನ್ನು ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ತಂದಿತು. ಹಾಗಾಗಿ ಕೇಂದ್ರದ ಕಾಯ್ದೆಗೆ ವಿರುದ್ಧವಾದ ರಾಜ್ಯದ ತಿದ್ದುಪಡಿ ನಿಲ್ಲಬೇಕಾದರೆ ಸಂವಿಧಾನದ 254ನೆಯ ವಿಧಿಯಂತೆ ರಾಷ್ಟ್ರಪತಿಯವರ ಅಂಕಿತ ಬೇಕು. ಈ ದಾರಿ ನಮಗೆ ಹೊಸದಲ್ಲ. ನಮ್ಮ ಕಂಬಳ ಉಳಿದದ್ದು ಇದೇ ದಾರಿಯಲ್ಲಿ. ಕೇಂದ್ರದ ಪ್ರಾಣಿಹಿಂಸೆ ತಡೆ ಕಾಯ್ದೆಗೆ ಕರ್ನಾಟಕ ಮಾಡಿದ ತಿದ್ದುಪಡಿಯನ್ನು 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು.

ನಮ್ಮಲ್ಲೂ ಇಂತಹ ಕಾನೂನು ಬೇಕೆಂಬ ಕೂಗು ಏಳುವುದು ಸಹಜ. 2023ರ ಗಣತಿಯಂತೆ ಕರ್ನಾಟಕದಲ್ಲಿ 6395 ಆನೆಗಳಿವೆ, ದೇಶದಲ್ಲೇ ಅತಿ ಹೆಚ್ಚು. 2025ರ ಜೂನಿನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷಕ್ಕೆ ಬಲಿಯಾದವು; ವಿಷ ಬೆರೆತದ್ದು ಹುಲಿ ಕೊಂದಿದ್ದ ಹಸುವಿನ ಕಳೇಬರಕ್ಕೆ. ನವೆಂಬರಿನಲ್ಲಿ ಮೈಸೂರು ಜಿಲ್ಲೆಯ ಕಾಡಂಚಿನ ರೈತರು ಹುಲಿಗೆ ಬಲಿಯಾದ ಮೇಲೆ ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನೇ ಸರ್ಕಾರ ನಿಲ್ಲಿಸಿತು. ಇತ್ತ ಕೊಡಗಿನ ಮನೆಗಳಲ್ಲಿ ಲೈಸೆನ್ಸ್ ವಿನಾಯಿತಿಯ ಕೋವಿಗಳಿವೆ, ಆ ವಿನಾಯಿತಿ 2029ರ ವರೆಗೂ ಮುಂದುವರಿದಿದೆ. ಕೋವಿ ಇಟ್ಟುಕೊಳ್ಳುವುದಕ್ಕೆ ಸಿಕ್ಕ ವಿನಾಯಿತಿ ಬೇಟೆಗೆ ಸಿಕ್ಕಿಲ್ಲ ಎಂಬುದನ್ನು ಅಲ್ಲಿನವರಿಗೆ ನಾನು ಹೇಳಬೇಕಾಗಿಲ್ಲ.

ಬೆಳೆ ಉಳಿಸಿಕೊಳ್ಳುವ ಮಟ್ಟಿಗೆ ಮಾತನಾಡುವುದಾದರೆ ಹೊಸ ಕಾನೂನಿನ ಅಗತ್ಯವೇ ಇಲ್ಲ. ಎರಡನೆಯ ಅನುಸೂಚಿಯ ಪ್ರಾಣಿ ನಿಂತ ಬೆಳೆಗೆ ಹಾನಿ ಮಾಡಿದರೂ ಸಾಕು, ಮುಖ್ಯ ಪರಿಪಾಲಕರೋ ಅವರು ಅಧಿಕಾರ ಕೊಟ್ಟ ಅಧಿಕಾರಿಯೋ ಲಿಖಿತ ಅನುಮತಿ ನೀಡಬಹುದು ಎಂದು ಅದೇ ಹನ್ನೊಂದನೆಯ ಕಲಮು ಹೇಳುತ್ತದೆ. ಈ ಅಧಿಕಾರವನ್ನು ಊರಿನ ಹತ್ತಿರಕ್ಕೆ ತರಲು ವಿಧಾನಸಭೆಯ ಮತವೂ ಬೇಡ, ರಾಷ್ಟ್ರಪತಿಯವರ ಅಂಕಿತವೂ ಬೇಡ. 2022ರಲ್ಲಿ ಕೇರಳವೇ ಕಾಡುಹಂದಿಯ ವಿಷಯದಲ್ಲಿ ಗ್ರಾಮ ಪಂಚಾಯಿತಿ ಅಧ್ಯಕ್ಷರನ್ನು ಗೌರವ ವನ್ಯಜೀವಿ ಪರಿಪಾಲಕರನ್ನಾಗಿ ಮಾಡಿ ಆದೇಶ ಹೊರಡಿಸಿತ್ತು. ಆಮೇಲೆ ಎಷ್ಟೋ ಪಂಚಾಯಿತಿಗಳಿಗೆ ಎದುರಾದ ತೊಂದರೆ ಕಾನೂನಿನದ್ದಲ್ಲ. ಅನುಮತಿ ಪತ್ರ ಸಿದ್ಧವಿತ್ತು, ಲೈಸೆನ್ಸ್ ಬಂದೂಕು ಹಿಡಿದು ರಾತ್ರಿ ತೋಟದಲ್ಲಿ ಕಾಯುವ ಗುರಿಕಾರರು ಸಾಕಷ್ಟು ಸಿಗಲಿಲ್ಲ.

ನಮಸ್ಕಾರ.