ಹಿತ್ತಲಲ್ಲಿ ಮನೆ ಕಟ್ಟಲು ಯಾರನ್ನು ಕೇಳಬೇಕು?

ಕೇಳುಗರಿಗೆ ನಮಸ್ಕಾರ.

ಮೂವತ್ತು ವರ್ಷ ನಾನು ಮಾಡಿದ್ದು ಒಂದೇ ಕೆಲಸ. ಮನೆ ಕಟ್ಟುವವರು ತಂದುಕೊಟ್ಟ ನಕ್ಷೆ ನೋಡುವುದು, ಸೆಟ್‌ಬ್ಯಾಕ್, ಅಂದರೆ ಗೋಡೆಗೂ ಸೈಟಿನ ಗಡಿಗೂ ನಡುವೆ ಖಾಲಿ ಜಾಗ, ಬಿಟ್ಟಿದ್ದಾರಾ ಅಂತ ಅಳೆಯುವುದು, ಷರಾ ಬರೆದು ಪಕ್ಕದ ಟೇಬಲ್ಲಿಗೆ ದಾಟಿಸುವುದು. ನಿವೃತ್ತಿಯಾದರೂ ಆ ಚಾಳಿ ಹೋಗಿಲ್ಲ. ಮಗಳು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದಾಳೆ. ಅವಳ ಮನೆಗೆ ಹೋದ ಮಾರನೇ ದಿನವೇ ಕಾಫಿ ಲೋಟ ಹಿಡಿದು ಹಿತ್ತಲಿಗೆ ಹೋದೆ. ಬೇಲಿಯಿಂದ ಗ್ಯಾರೇಜ್ ಗೋಡೆಗೆ ಎಷ್ಟಿದೆ ಅಂತ ಹೆಜ್ಜೆ ಹಾಕಿ ಅಳೆದೆ. ಮಗಳು ಕಿಟಕಿಯಿಂದ ನೋಡಿ ನಗುತ್ತಿದ್ದಳು.

ಆ ಗ್ಯಾರೇಜಿನಲ್ಲಿ ಕಾರು ಒಂದು ದಿನವೂ ನಿಂತಿಲ್ಲ. ಅಕ್ಕಿ ಮೂಟೆ, ವಾಷಿಂಗ್ ಮಷೀನ್, ಚಕ್ರ ಕಳಚಿದ ಸೈಕಲ್, ದಸರಾ ಗೊಂಬೆಗಳ ಎರಡು ಪೆಟ್ಟಿಗೆ. ಕಾರು ಮಾತ್ರ ಬೀದಿಯಲ್ಲಿ. "ಅಪ್ಪ, ಇದನ್ನೇ ಒಂದು ಚಿಕ್ಕ ಮನೆ ಮಾಡಿಸಿದ್ರೆ ಹೇಗೆ? ನೀವು, ಅಮ್ಮ ಬಂದಾಗ ಇರಬಹುದು. ಇಲ್ಲದಾಗ ಬಾಡಿಗೆಗೆ ಕೊಡಬಹುದು" ಅಂದಳು.

ನಮ್ಮ ಕಡೆ ಔಟ್‌ಹೌಸ್ ಅಂತೀವಲ್ಲ, ಅದೇ. ಅಲ್ಲಿ ಮಾತಿನಲ್ಲಿ ಗ್ರ್ಯಾನಿ ಫ್ಲ್ಯಾಟ್, ಅಜ್ಜಿ ಮನೆ. ಸರ್ಕಾರಿ ಕಾಗದದಲ್ಲಿ ಎಡಿಯು, ಅಂದರೆ ಆಕ್ಸೆಸರಿ ಡ್ವೆಲಿಂಗ್ ಯುನಿಟ್. ಒಂದೇ ಸೈಟಿನಲ್ಲಿ ಬೇರೆ ಬಾಗಿಲು, ಬೇರೆ ಒಲೆ, ಬೇರೆ ಬಚ್ಚಲು ಇರುವ ಇನ್ನೊಂದು ಪುಟ್ಟ ಮನೆ. ಇಷ್ಟು ಸಣ್ಣ ಮನೆಗಾಗಿ ಕ್ಯಾಲಿಫೋರ್ನಿಯಾದ ರಾಜ್ಯ ಸರ್ಕಾರವೂ ಅಲ್ಲಿನ ಊರುಗಳೂ ನಲವತ್ತು ವರ್ಷದಿಂದ ಹಗ್ಗ ಜಗ್ಗುತ್ತಿವೆ.

1982ರಲ್ಲೇ ರಾಜ್ಯ ಒಂದು ಕಾನೂನು ಮಾಡಿತ್ತು. ಇಂಥ ಮನೆಗಳಿಗೆ ದಾರಿ ಮಾಡಿಕೊಡಿ, ನಿಯಮ ನೀವೇ ಬರೆದುಕೊಳ್ಳಿ ಅಂತ ಊರುಗಳಿಗೆ ಹೇಳಿತು. ಊರುಗಳು ಬರೆದುಕೊಂಡವು! ಸೈಟು ಇಷ್ಟು ದೊಡ್ಡದಿರಬೇಕು. ಇನ್ನೊಂದು ಕಾರಿಗೆ ಜಾಗ ತೋರಿಸಬೇಕು. ಮಾಲೀಕ ಅಲ್ಲೇ ವಾಸ ಇರಬೇಕು. ಸಾವಿರಾರು ಡಾಲರ್ ಶುಲ್ಕ ಕಟ್ಟಬೇಕು. ನೆರೆಯವರನ್ನೆಲ್ಲ ಕರೆದು ಸಭೆ ಮಾಡಬೇಕು. ಬೇಡ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿರುವ ವಿದ್ಯೆ. ಇಲ್ಲ ಅನ್ನುವ ಬದಲು "ಇನ್ನೊಂದು ದಾಖಲೆ ತನ್ನಿ" ಅಂದರೆ ಸಾಕು. ಕಡತ ತಾನೇ ಮಲಗುತ್ತದೆ.

2002ರ ಕಾನೂನು ಆ ನೆರೆಯವರ ಸಭೆಯನ್ನು ತೆಗೆದುಹಾಕಿತು. ಉಳಿದ ಅಡ್ಡಗಾಲುಗಳು ಹಾಗೇ ಇದ್ದವು. 2016ರಿಂದ ರಾಜ್ಯ ಒಂದೊಂದಾಗಿ ಹಗ್ಗ ಬಿಗಿ ಮಾಡಿತು. 2020ರ ಜನವರಿಗೆ ಜಾರಿಗೆ ಬಂದ ನಿಯಮಗಳಂತೂ ಖಡಕ್. 800 ಚದರ ಅಡಿ, 16 ಅಡಿ ಎತ್ತರದ ಮನೆಗೆ, ಪಕ್ಕದಲ್ಲೂ ಹಿಂದೆಯೂ 4 ಅಡಿ ಬಿಟ್ಟಿದ್ದರೆ, ಊರು ಒಪ್ಪಿಗೆ ಕೊಡಲೇಬೇಕು. 800 ಚದರ ಅಡಿ ಅಂದರೆ ನಮ್ಮ ಇಪ್ಪತ್ತು ನಲವತ್ತರ ಸೈಟು, ಅಲ್ವಾ? ಗ್ಯಾರೇಜನ್ನು ಮನೆ ಮಾಡಿದರೆ ಕಾರಿಗೆ ಬೇರೆ ಜಾಗ ಎಲ್ಲಿ ಅಂತ ಕೇಳುವ ಹಾಗಿಲ್ಲ. 750 ಚದರ ಅಡಿಗಿಂತ ಚಿಕ್ಕದಾದರೆ ಅಭಿವೃದ್ಧಿ ಶುಲ್ಕವೂ ಇಲ್ಲ.

ನನ್ನನ್ನು ಬೆಚ್ಚಿಬೀಳಿಸಿದ್ದು ಇನ್ನೊಂದು ಸಾಲು. ಅರ್ಜಿ ಪೂರ್ತಿಯಾಗಿ ಕೈಸೇರಿದ 60 ದಿನದೊಳಗೆ ಊರು ಹೂಂ ಅಥವಾ ಊಹೂಂ ಅನ್ನಬೇಕು. ಸುಮ್ನೆ ಕೂತರೆ ಒಪ್ಪಿಗೆ ಸಿಕ್ಕಂತೆಯೇ ಲೆಕ್ಕ. ನಮ್ಮ ಕಚೇರಿಯಲ್ಲಿ 60 ದಿನಕ್ಕೆ ಕಡತಕ್ಕೆ ಟ್ಯಾಗ್ ಹಾಕಿ ಮುಗಿದಿದ್ದರೆ ಅದೇ ಪುಣ್ಯ. ನಗಬೇಡಿ, ಆ ವಿಳಂಬದಲ್ಲಿ ನನ್ನ ಪಾಲೂ ಇದೆ.

ಫಲ ಕಂಡಿತು. 2016ರ ಸುಮಾರಿಗೆ ಇಡೀ ರಾಜ್ಯದಲ್ಲಿ ವರ್ಷಕ್ಕೆ ಒಂದೆರಡು ಸಾವಿರವೂ ದಾಟದಿದ್ದ ಪರವಾನಗಿಗಳು 2022ರ ಹೊತ್ತಿಗೆ 20 ಸಾವಿರ ಮೀರಿದವು.

ಊರುಗಳು ಸುಮ್ಮನಿದ್ದವಾ? ವುಡ್‌ಸೈಡ್ ಅಂತ ಒಂದು ಊರಿದೆ. ಸಿಲಿಕಾನ್ ವ್ಯಾಲಿಯ ಮಗ್ಗುಲಲ್ಲಿ, ಗುಡ್ಡದ ಮೇಲೆ, ಭಾರೀ ಶ್ರೀಮಂತರ ಊರು. ಅಲ್ಲಿಯದು ಅಜ್ಜಿ ಮನೆಯ ಜಗಳವಲ್ಲ, ಅದರ ದಾಯಾದಿ. ಒಂದು ಮನೆಯ ಸೈಟನ್ನು ಎರಡು ಮಾಡಿ ಹೆಚ್ಚು ಮನೆ ಕಟ್ಟಲು ಬಿಡುವ ಇನ್ನೊಂದು ಕಾನೂನು 2022ರ ಜನವರಿಯಲ್ಲಿ ಜಾರಿಗೆ ಬಂತು. ರಕ್ಷಿತ ಪ್ರಾಣಿಗಳ ನೆಲೆಗೆ ಅದರಿಂದ ವಿನಾಯಿತಿ ಇತ್ತು. ವುಡ್‌ಸೈಡ್‌ನವರು ಅದನ್ನೇ ಹಿಡಿದರು. ನಮ್ಮ ಇಡೀ ಊರೇ ಮೌಂಟನ್ ಲಯನ್‌ನ ನೆಲೆ, ಆದ್ದರಿಂದ ಅರ್ಜಿ ತೆಗೆದುಕೊಳ್ಳುವುದಿಲ್ಲ ಅಂದುಬಿಟ್ಟರು. ಹೆಸರಲ್ಲಿ ಸಿಂಹ ಇದ್ದರೂ ಅದು ಚುಕ್ಕೆಯಿಲ್ಲದ ಚಿರತೆಯ ಹಾಗೆ ಕಾಣುವ ದೊಡ್ಡ ಬೆಕ್ಕು. ಆ ಗುಡ್ಡಗಳಲ್ಲಿ ಓಡಾಡುವುದು ನಿಜವೇ. ಆದರೆ ಈಜುಕೊಳ ಇರುವ ಬಂಗಲೆಗೆ ಅಡ್ಡಿಯಾಗದ ಪ್ರಾಣಿ ಎರಡನೇ ಮನೆಗೆ ಮಾತ್ರ ಹೇಗೆ ಅಡ್ಡಿಯಾಯಿತು? ಮನೆ ಎದ್ದಿರುವ ಜಾಗ ಕಾಡುಪ್ರಾಣಿಯ ನೆಲೆ ಆಗುವುದಿಲ್ಲ ಅಂತ ರಾಜ್ಯದ ಅಟಾರ್ನಿ ಜನರಲ್ ರಾಬ್ ಬೊಂಟಾ ಪತ್ರ ಬರೆದರು. ಊರು ಕೂಡಲೇ ಹಿಂದೆ ಸರಿಯಿತು. ಮರು ವರ್ಷ ಕಡಲ ತೀರದ ಹಂಟಿಂಗ್ಟನ್ ಬೀಚ್ ನಗರ ಎಡಿಯು ಅರ್ಜಿಗಳನ್ನೇ ನಿಲ್ಲಿಸಿತು. ರಾಜ್ಯ ಕೋರ್ಟಿಗೆ ಹೋಯಿತು. ಅರ್ಜಿಗಳು ಮತ್ತೆ ಶುರುವಾದವು.

ಇಷ್ಟು ಕೇಳಿ ಊರಿನವರೆಲ್ಲ ಕೆಟ್ಟವರು ಅಂದುಕೊಳ್ಳಬೇಡಿ. ನಾನು ಊರಿನ ಕಚೇರಿಯ ಅನ್ನ ತಿಂದವನು. ಯಾವ ಬೀದಿಯ ಚರಂಡಿ ಮಳೆಗಾಲದಲ್ಲಿ ಉಕ್ಕುತ್ತದೆ ಅನ್ನುವುದು ರಾಜಧಾನಿಯಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ. ಕ್ಯಾಲಿಫೋರ್ನಿಯಾದ ಗುಡ್ಡದೂರುಗಳಲ್ಲಿ ರಸ್ತೆ ಕಿರಿದು, ಬೇಸಿಗೆಯಲ್ಲಿ ಕಾಡ್ಗಿಚ್ಚು. ಜನ ಒಟ್ಟಿಗೆ ಓಡಬೇಕಾದರೆ ಒಂದೇ ದಾರಿ. 2025ರ ಜನವರಿಯ ಲಾಸ್ ಏಂಜಲೀಸ್ ಬೆಂಕಿಯಲ್ಲಿ ಪ್ಯಾಲಿಸೇಡ್ಸ್ ಕಡೆ ಜನ ಕಾರುಗಳನ್ನು ರಸ್ತೆಯಲ್ಲೇ ಬಿಟ್ಟು ಓಡಿದ್ದನ್ನು ನೀವೂ ಟಿವಿಯಲ್ಲಿ ನೋಡಿರಬಹುದು. ಅಂಥ ಕಡೆ ಊರಿನ ಮಾತಿಗೆ ಇನ್ನೂ ಹೆಚ್ಚು ಬೆಲೆ ಸಿಗಬೇಕು ಅನ್ನುವುದು ನನ್ನ ಅಭಿಪ್ರಾಯ. ಎಲ್ಲ ಊರೂ ಅಡ್ಡಗಾಲು ಹಾಕಿದ್ದೂ ಅಲ್ಲ. ಪಕ್ಕದ ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರ 2010ರಲ್ಲಿ, ಯಾರೂ ಒತ್ತಾಯ ಮಾಡದೆ, ಇಂಥ ಮನೆಗಳ ಅಭಿವೃದ್ಧಿ ಶುಲ್ಕವನ್ನು ಮನ್ನಾ ಮಾಡಿತು.

ಆದರೂ ನಾನು ಒಟ್ಟಾರೆ ರಾಜ್ಯದ ಪರ. ಕಾರಣ ಮಗಳ ಪಕ್ಕದ ಮನೆಯ ಹಿರಿಯರು. ಬೇಲಿಯ ಆಚೆಯಿಂದ ಮಾತಾಡಿಸುತ್ತಿದ್ದರು, ಒಳ್ಳೆಯವರು. ಹಿತ್ತಲ ಮನೆಯ ಸುದ್ದಿ ಕಿವಿಗೆ ಬಿದ್ದಾಗ, ಬೀದಿಯಲ್ಲಿ ಕಾರು ಜಾಸ್ತಿ ಆಗುತ್ತೆ ಅಂತ ಬೇಸರ ಪಟ್ಟರು. ಇನ್ನೊಂದು ದಿನ ಅವರೇ ಹೇಳಿದರು, ಮಗನಿಗೆ ಈ ಊರಲ್ಲಿ ಬಾಡಿಗೆ ಕೊಡಲು ಆಗದೆ ಎರಡು ಗಂಟೆ ದಾರಿಯಾಚೆ ಮನೆ ಮಾಡಿದ್ದಾನೆ, ಮೊಮ್ಮಕ್ಕಳನ್ನು ನೋಡುವುದೇ ಕಷ್ಟ ಅಂತ. ಈ ಎರಡು ಮಾತಿಗೂ ಅವರ ಮನಸ್ಸಿನಲ್ಲಿ ನಂಟಿರಲಿಲ್ಲ. ಊರಿನ ಸಭೆ ಕರೆದರೆ ತಂದೆ ಬರುತ್ತಾರೆ, ಕಾರಿನ ವಿಷಯ ಮಾತಾಡುತ್ತಾರೆ. ಮಗ ಬರುವ ಹಾಗಿಲ್ಲ, ಅವನ ಓಟು ಬೇರೆ ಊರಲ್ಲಿ. ಆದರೆ ರಾಜ್ಯದ ಚುನಾವಣೆಯಲ್ಲಿ ಇಬ್ಬರಿಗೂ ಒಂದೊಂದು ಓಟು.

ಇನ್ನೊಂದು ವಿಷಯ. ರಾಜ್ಯ ಇಲ್ಲಿ ಊರಿನ ಕೈ ಪೂರ್ತಿ ಕಟ್ಟಿಲ್ಲ. ಇಷ್ಟಕ್ಕಿಂತ ಕಡಿಮೆ ಕೊಡಬೇಡಿ ಅಂದಿದೆ, ಜಾಸ್ತಿ ಕೊಡಬೇಡಿ ಅಂದಿಲ್ಲ. ಹಿತ್ತಲ ಮನೆಯನ್ನು ಬೇರೆಯಾಗಿ ಮಾರಲು ಬಿಡಬೇಕೋ ಬೇಡವೋ ಅನ್ನುವುದನ್ನು 2023ರ ಒಂದು ಕಾನೂನು ಊರುಗಳಿಗೇ ಬಿಟ್ಟಿತು. ಫ್ರೀಮಾಂಟ್‌ನ ಪಕ್ಕದ ಸ್ಯಾನ್ ಹೋಸೆ 2024ರಲ್ಲಿ ಮೊದಲು ಹೂಂ ಅಂದಿತು.

ಮಗಳ ಗ್ಯಾರೇಜ್ ಏನಾಯಿತು ಅಂತೀರಾ? ಸೆಟ್‌ಬ್ಯಾಕ್ ಸರಿಯಿತ್ತು, ನಾನೇ ಟೇಪ್ ಹಿಡಿದು ನೋಡಿದೆ. ನಕ್ಷೆಯೂ ಆಯಿತು. ಕಂಟ್ರಾಕ್ಟರ್ ಬಂದ, ಗೋಡೆ ತಟ್ಟಿ ನೋಡಿದ, ನೀರಿನ ಪೈಪು, ಕರೆಂಟ್ ಪ್ಯಾನೆಲ್ ನೋಡಿದ. 2 ಲಕ್ಷ ಡಾಲರ್ ಅಂದ. ಅಳಿಯಂದಿರು ಅವನನ್ನು ಗೇಟಿನವರೆಗೆ ಮರ್ಯಾದೆಯಿಂದ ಬಿಟ್ಟುಬಂದರು. ಗೊಂಬೆ ಪೆಟ್ಟಿಗೆಗಳು ಸದ್ಯಕ್ಕೆ ಅಲ್ಲೇ ಇವೆ.

ನಮಸ್ಕಾರ.