ಹಿಡಿಯಕ್ಕೆ ಯಾರ ಕೈಲೂ ಆಗಲ್ಲ, ಅಂಕಲ್!

ನಮಸ್ಕಾರ, 'ಕುಳ್ಳಿ ಮತ್ತು ಕುದುರೆ'ಗೆ ಸ್ವಾಗತ. ಕುಳ್ಳಿ ನಾನು, ಕುದುರೆ ಗುಂಡ. ಇವತ್ತು ಲಾಳದ ಖರ್ಚಿನ ಬಗ್ಗೆ ಮಾತಾಡ್ತೀನಿ ಅಂತ ಹೋದ ವಾರ ಹೇಳಿದ್ದೆ. ಅದು ಇವತ್ತಿಲ್ಲ. ಭಾನುವಾರದಿಂದ ಮೈ ಉರೀತಿದೆ, ಇವತ್ತು ಗುರುವಾರ, ಇನ್ನೂ ಆರಿಲ್ಲ.

ಏನಾಯ್ತು ಅಂದ್ರೆ, ಬೆಳಿಗ್ಗೆ ಏಳು ಗಂಟೆ, ಲಾಯದ ಹೊರಗೆ ಗುಂಡನ ಮೈ ಉಜ್ತಾ ಇದ್ದೆ. ಮಗಳನ್ನ ಕ್ಲಾಸಿಗೆ ಬಿಡಕ್ಕೆ ಬಂದಿದ್ದ ಅಂಕಲ್ ಒಬ್ರು, ಆರಡಿ ಆಳು, ಕಾಫಿ ಲೋಟ ಹಿಡ್ಕೊಂಡು ಬಂದು ಪಕ್ಕದಲ್ಲಿ ನಿಂತ್ರು.

"ಈ ಕುದುರೆ ಯಾರದಮ್ಮಾ?"

"ನಂದೇ ಸರ್."

"ಅಲ್ಲಮ್ಮಾ, ಓನರ್ ಯಾರು ಅಂತ."

"ನಾನೇ ಸರ್."

"ಓಡಿಸೋರು?"

"ಅದೂ ನಾನೇ."

ಗುಂಡನ್ನ ನೋಡಿದ್ರು. ನನ್ನ ನೋಡಿದ್ರು. ನಾನು ನಿಂತಿದ್ದ ಸ್ಟೂಲ್ ನೋಡಿದ್ರು. ನಕ್ಕುಬಿಟ್ರು. "ಇಷ್ಟು ದೊಡ್ಡದನ್ನ ಹಿಡಿಯಕ್ಕೆ ನಿನ್ನ ಕೈಲಾಗತ್ತೇನಮ್ಮಾ? ನಿನ್ನ ಸೈಜಿಗೆ ಒಂದು ಪೋನಿ ತಗೋಬಾರ್ದಾ?"

ಅಂಕಲ್, ನೀವು ಇದನ್ನ ನೋಡ್ತಿದ್ರೆ ಉತ್ತರ ಕೇಳಿಸ್ಕೊಳಿ. ಹಿಡಿಯಕ್ಕೆ ನನ್ನ ಕೈಲಾಗಲ್ಲ. ನಿಮ್ಮ ಕೈಲೂ ಆಗಲ್ಲ. ಯಾರ ಕೈಲೂ ಆಗಲ್ಲ. ಇವತ್ತಿನ ವಿಡಿಯೋ ಇಷ್ಟೇ, ಉಳಿದಿದ್ದೆಲ್ಲ ಬೈಗುಳ.

ಮೊದಲು ಲೆಕ್ಕ ಹೇಳ್ಬಿಡ್ತೀನಿ. ಕುದುರೆ ಎತ್ತರ ಅಳೆಯೋದು 'ಹ್ಯಾಂಡ್' ಲೆಕ್ಕದಲ್ಲಿ, ಒಂದು ಹ್ಯಾಂಡ್ ಅಂದ್ರೆ ನಾಲ್ಕು ಇಂಚು. ನೆಲದಿಂದ ಹೆಗಲಿನ ತುದಿವರೆಗೆ ಅಳೀತಾರೆ. ಕತ್ತು, ತಲೆ ಲೆಕ್ಕಕ್ಕಿಲ್ಲ. ಗುಂಡ 17 ಹ್ಯಾಂಡ್, ಅಂದ್ರೆ 68 ಇಂಚು, ಐದಡಿ ಎಂಟಿಂಚು. ನಾನು ನಾಲ್ಕಡಿ ಹನ್ನೊಂದಿಂಚು. ಮದುವೆ ಬಯೋಡೇಟಾದಲ್ಲಿ ನಮ್ಮಮ್ಮ ಐದಡಿ ಎರಡಿಂಚು ಅಂತ ಬರೆಸಿದ್ರು, ಆ ಮೂರಿಂಚು ಎಲ್ಲಿಂದ ತಂದ್ರೋ ಗೊತ್ತಿಲ್ಲ. ಅಂತೂ ಅವನ ಹೆಗಲು ನನ್ನ ನೆತ್ತಿಗಿಂತ ಒಂಬತ್ತು ಇಂಚು ಮೇಲಿದೆ. ಅವನ ಆಚೆ ಬದಿಯಲ್ಲಿ ಯಾರಾದ್ರೂ ನಿಂತಿದ್ರೆ ನನಗೆ ಕಾಣೋದು ಚಪ್ಪಲಿ ಮಾತ್ರ.

ಈಗ ತೂಕ. ಗುಂಡ 520 ಕೆಜಿ. ನಾನು 47. ಅಂಕಲ್ ಒಂದು 95 ಅಂತ ಇಟ್ಕೊಳಿ. 520 ಕೆಜಿ ಪ್ರಾಣಿ 'ನಾನು ಆಕಡೆ ಹೋಗ್ತೀನಿ' ಅಂತ ತೀರ್ಮಾನ ಮಾಡಿದ್ಮೇಲೆ, ಹಗ್ಗದ ಈ ತುದಿಯಲ್ಲಿ 47 ಇದ್ರೇನು, 95 ಇದ್ರೇನು? ನನ್ನನ್ನ ಎಳ್ಕೊಂಡು ಹೋಗತ್ತೆ, ನಿಮ್ಮನ್ನೂ ಎಳ್ಕೊಂಡು ಹೋಗತ್ತೆ. ನೆಲದ ಮೇಲೆ ನಿಮ್ಮ ಗೆರೆ ಸ್ವಲ್ಪ ಅಗಲವಾಗಿ ಬೀಳತ್ತೆ, ಅಷ್ಟೇ ವ್ಯತ್ಯಾಸ.

ತೂಕದ ವಿಷಯ ಬಂತಲ್ಲ, ಇನ್ನೊಂದು ಹೇಳ್ತೀನಿ. ಕುದುರೆ ಮೇಲೆ ಹೇರೋ ಭಾರ, ಸವಾರ ಮತ್ತೆ ಜೀನು ಎರಡೂ ಸೇರಿ, ಅದರ ತೂಕದ ಶೇ. 20 ದಾಟಬಾರ್ದು ಅಂತ ಒಂದು ರೂಢಿ ಲೆಕ್ಕ ಇದೆ. ಗುಂಡನಿಗೆ ಅದು 104 ಕೆಜಿ. ನಾನು, ಎಂಟು ಕೆಜಿ ಜೀನು ಸೇರಿ 55. ಅಂಕಲ್, ಜೀನು ಸೇರಿ 103. ಹತ್ತೋಕೆ ಮುಂಚೆ ಎರಡು ಮಸಾಲೆ ದೋಸೆ ತಿಂದ್ರೆ ಮುಗೀತು. ಹೇಳಿ ಈಗ, ಯಾರಿಗೆ ಯಾವ ಸೈಜು ಸರಿಯಿಲ್ಲ?

ಪೋನಿ ತಗೋ ಅಂತಾರೆ. ಪೋನಿ ಅಂದ್ರೆ ನಾಯಿಮರಿ ಅಂದ್ಕೊಂಡಿದಾರೆ! 14.2 ಹ್ಯಾಂಡ್‌ಗಿಂತ, ಅಂದ್ರೆ 14 ಹ್ಯಾಂಡ್ ಎರಡಿಂಚಿಗಿಂತ, ಕೆಳಗಿದ್ರೆ ಸಾಮಾನ್ಯವಾಗಿ ಪೋನಿ ಅಂತಾರೆ. ಕುಳ್ಳಗಿರೋದು ಮೈ ಮಾತ್ರ, ತಲೆಯೊಳಗೆ ಇರೋದು ರೌಡಿ. ನಾನು ಕಲಿಯೋವಾಗ ಒಂದು ಪೋನಿ ನನ್ನನ್ನ ಒಂದೇ ವಾರದಲ್ಲಿ ನಾಲ್ಕು ಸಲ ಬೀಳ್ಸಿದೆ, ನಾಲ್ಕೂ ಸಲ ಅದೇ ಮೂಲೆಯಲ್ಲಿ. ಅದೂ 250 ಕೆಜಿ ಇತ್ತು. ಅದನ್ನ ಹಿಡಿಯಕ್ಕೂ ಯಾರ ಕೈಲೂ ಆಗಲ್ಲ!

ನನಗೆ ಅರ್ಥ ಆಗದೇ ಇರೋದು ಇದು. ಇದೇ ಜನ ರೇಸ್‌ಕೋರ್ಸಿಗೆ ಹೋಗಿ ರೇಲಿಂಗ್ ಹಿಡ್ಕೊಂಡು ಕೂಗ್ತಾರೆ. ಅಲ್ಲಿ ಕುದುರೆ ಮೇಲೆ ಕೂತಿರೋರು ಯಾರು? ಬಾಸ್ಕೆಟ್‌ಬಾಲ್ ಆಡೋರಾ? ಐವತ್ತು ಕೆಜಿ ಆಸುಪಾಸಿನ ಸಣ್ಣ ಆಳುಗಳು. ಗುಂಡನೂ ಅಲ್ಲಿಂದ ಬಂದೋನೇ, ಓಡಿ ರಿಟೈರ್ ಆದೋನು. ಅಲ್ಲಿದ್ದಾಗ ಅವನ ಮೇಲೆ ಕುಳ್ಳ ಕೂತಿದ್ರೆ ಚಪ್ಪಾಳೆ, ಇಲ್ಲಿಗೆ ಬಂದು ಕುಳ್ಳಿ ಕೂತ್ರೆ ನಗು.

ಅಮೆರಿಕದಲ್ಲಿ ಬಿಲ್ ಶೂಮೇಕರ್ ಅಂತ ಜಾಕಿ ಇದ್ರು. ಎತ್ತರ ಎಷ್ಟು? ನಾಲ್ಕಡಿ ಹನ್ನೊಂದಿಂಚು. ನಂದೇ! ಗೆದ್ದ ರೇಸ್ 8,833. 1986ರಲ್ಲಿ, ಐವತ್ನಾಲ್ಕನೇ ವಯಸ್ಸಲ್ಲಿ, ಫರ್ಡಿನಂಡ್ ಅನ್ನೋ ಕುದುರೆ ಹತ್ತಿ ಕೆಂಟಕಿ ಡರ್ಬಿ ಗೆದ್ರು. ಅವರಿಗೆ ಯಾರಾದ್ರೂ 'ಪೋನಿ ತಗೋಪ್ಪಾ' ಅಂದ್ರಾ? ಆಮೇಲೆ ಜೆನ್ಯಾಟಾ. 17.2 ಹ್ಯಾಂಡ್ ಹೆಣ್ಣು ಕುದುರೆ, ನನ್ನ ಗುಂಡನಿಗಿಂತ ಎರಡಿಂಚು ಜಾಸ್ತಿ. ಆ ಪಾಯಿಂಟ್ ಎರಡು ಅಂದ್ರೆ ಎರಡಿಂಚು, ದಶಮಾಂಶ ಅಲ್ಲ, ಪ್ರತಿ ವಿಡಿಯೋದಲ್ಲೂ ಹೇಳ್ತೀನಿ, ಪ್ರತಿ ಸಲ ಯಾರಾದ್ರೂ ತಪ್ಪಾಗಿ ಲೆಕ್ಕ ಹಾಕ್ತೀರಿ. ಇಪ್ಪತ್ತು ರೇಸಲ್ಲಿ ಹತ್ತೊಂಬತ್ತು ಗೆದ್ಲು, ಸೋತಿದ್ದು 2010ರ ಕೊನೇ ರೇಸ್ ಒಂದೇ. ಬಹುಪಾಲು ರೇಸಲ್ಲಿ ಮೇಲೆ ಕೂತಿದ್ದ ಮೈಕ್ ಸ್ಮಿತ್ ಐದಡಿ ನಾಲ್ಕಿಂಚು. ಅವಳ ಹೆಗಲೇ ಐದಡಿ ಹತ್ತಿಂಚು!

"ಅದು ರೇಸು, ಎರಡು ನಿಮಿಷದ ಆಟ" ಅಂತ ಶುರು ಮಾಡ್ತೀರಿ, ಗೊತ್ತು. ಸರಿ, ಒಲಿಂಪಿಕ್ಸ್ ತಗೊಳಿ. ಕುಸ್ತಿಗೆ ತೂಕದ ವಿಭಾಗ ಇದೆ, ಬಾಕ್ಸಿಂಗ್‌ಗೆ ಇದೆ. ಕುದುರೆ ಸವಾರಿಯಲ್ಲಿ ಗಂಡಸರು, ಹೆಂಗಸರು ಒಂದೇ ಸ್ಪರ್ಧೆ, ಒಂದೇ ಪದಕ. ಬಲ ಮುಖ್ಯ ಆಗಿದ್ರೆ ಹಾಗೆ ಇಡ್ತಿದ್ರಾ? 2018ರ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ ಬೆಳ್ಳಿ ತಂದಾಗ ನೀವು ಟಿವಿ ಮುಂದೆ ಕೂತು 'ಹುಡುಗನ ಎತ್ತರ ಎಷ್ಟು' ಅಂತ ಕೇಳಿದ್ರಾ? ಇಲ್ಲ ತಾನೆ? ಮತ್ತೆ ನನ್ನನ್ನ ಯಾಕೆ ಕೇಳ್ತೀರಿ?

ಒಂದು ನಿಮಿಷ. ಸ್ಟೂಲ್ ವಿಷಯ ಮರೆಯೋಕೆ ಮುಂಚೆ. ನಾನು ಹತ್ತೋ ಸ್ಟೂಲ್ ಎಲ್ಲಿ ಸಿಗತ್ತೆ ಅಂತ ತುಂಬಾ ಜನ ಕೇಳ್ತಿದೀರಿ. ನಮ್ಮ ಬೀದಿ ಬಡಗಿ ಹತ್ರ ಹಲಸಿನ ಮರದಲ್ಲಿ ಮಾಡ್ಸಿದ್ದು, ಮೂರು ಮೆಟ್ಲು. ಬೇಕಿದ್ರೆ ಮೆಸೇಜ್ ಹಾಕಿ, ಇನ್ನೂ ಆರು ಇದೆ. ಕಾಲು ಅಲ್ಲಾಡಲ್ಲ, ಗ್ಯಾರಂಟಿ ನಂದು. ಸ್ಟೂಲ್ ಹಾಕ್ಕೊಂಡು ಹತ್ತೋದು ನಾಚಿಕೆ ಅಂದ್ಕೊಂಡಿರೋ ಉದ್ದದೋರಿಗೂ ಹೇಳ್ತಿದೀನಿ. ನೆಲದಿಂದ ನೇತಾಡ್ಕೊಂಡು ಹತ್ತಿದ್ರೆ ನಿಮ್ಮ ಪೂರ್ತಿ ಭಾರ ಒಂದೇ ಬದಿಗೆ ಬೀಳತ್ತೆ, ಜೀನು ತಿರುಚ್ಕೊಳತ್ತೆ, ಕುದುರೆ ಬೆನ್ನಿಗೆ ಏಟು. ನಾಚಿಕೆ ಪಡಬೇಕಾದೋರು ನೀವು.

ಎಲ್ಲಿದ್ದೆ? ಹಾಂ, ಬಲ.

ದಸರಾ ನೋಡಿದೀರಲ್ಲ? 750 ಕೆಜಿ ಚಿನ್ನದ ಅಂಬಾರಿ, ಅದನ್ನ ಹೊತ್ತಿರೋ ಆನೆ. ಕತ್ತಿನ ಮೇಲೆ ಕೂತಿರೋ ಮಾವುತನ್ನ ಒಂದ್ಸಲ ಸರಿಯಾಗಿ ನೋಡಿ. ಪೈಲ್ವಾನನಾ ಅವನು? ತೆಳ್ಳಗಿನ ಆಳು, ಕಾಲ್ಬೆರಳು ಆನೆ ಕಿವಿ ಹಿಂದೆ. ಅಲ್ಲಿ ಒಂಚೂರು ಒತ್ತಿದ್ರೆ ಆನೆ ತಿರುಗತ್ತೆ. ಸಾವಿರಾರು ಕೆಜಿ ಆನೆ, ಲಕ್ಷಾಂತರ ಜನ, ಬ್ಯಾಂಡು, ಗಲಾಟೆ, ಅಷ್ಟರ ನಡುವೆ ಒಂದು ಕಾಲ್ಬೆರಳು! ಅವನಿಗೆ ಹೋಗಿ ಹೇಳ್ತೀರಾ, ನಿನ್ನ ಸೈಜಿಗೆ ಒಂದು ಎಮ್ಮೆ ಸಾಕು ಅಂತ? ಆನೆನ ಹಿಡಿಯಕ್ಕೆ ಯಾರ ಕೈಲೂ ಆಗಲ್ಲ. ಕುದುರೆನೂ ಹಾಗೇ. ಅದು ಒಪ್ಕೋಬೇಕು. ಒಪ್ಪಿಸೋಕೆ ಎತ್ತರ ಬೇಕಾಗಿಲ್ಲ!

ಹೆಂಗೆ ಒಪ್ಪಿಸ್ತೀಯಾ ಅಂದ್ರೆ, ಲಗಾಮು ಹಾಕೋದನ್ನೇ ತಗೊಳಿ. ಗುಂಡ ಬಂದ ಹೊಸದರಲ್ಲಿ ಲಗಾಮು ಕಂಡ ತಕ್ಷಣ ತಲೆ ಮೇಲೆತ್ತೋನು. ಅವನು ತಲೆ ಎತ್ತಿದ್ರೆ ಸ್ಟೂಲ್ ಅಲ್ಲ, ಏಣಿ ಹಾಕಿದ್ರೂ ನನಗೆ ಎಟಕಲ್ಲ. ಉದ್ದದೋರು ಏನ್ ಮಾಡ್ತಾರೆ? ಕೈ ಚಾಚಿ ಕಿವಿ ಹಿಡಿದು ಕೆಳಗೆಳೀತಾರೆ. ಕುದುರೆ ಇನ್ನೂ ಮೇಲೆತ್ತತ್ತೆ. ಇವರು ಇನ್ನೂ ಎಳೀತಾರೆ. ನನಗೆ ಆ ದಾರಿನೇ ಇರ್ಲಿಲ್ಲ. ಹಗ್ಗ ಕೆಳಮುಖವಾಗಿ ಒಂಚೂರು ಬಿಗಿ ಮಾಡಿ ಸುಮ್ನೆ ನಿಂತೆ. ಎಳೀಲಿಲ್ಲ. ಅವನ ಮೂತಿ ಅರ್ಧ ಇಂಚು ಇಳಿದ ಕೂಡ್ಲೇ ಹಗ್ಗ ಸಡಿಲ ಬಿಟ್ಟೆ. ಮತ್ತೆ ಬಿಗಿ, ಮತ್ತೆ ಅರ್ಧ ಇಂಚು, ಮತ್ತೆ ಸಡಿಲ. ದಿನಾ ಹತ್ತು ನಿಮಿಷ, ಮೂರು ವಾರ. ನೊಣ ಕೂತ್ರೆ ಅಷ್ಟೇ ಜಾಗದ ಚರ್ಮ ಅಲ್ಲಾಡ್ಸೋ ಪ್ರಾಣಿ ಅದು, ನಿಮ್ಮ ಜೋರು ಅದಕ್ಯಾಕೆ? ಈಗ ನಾನು ಲಗಾಮು ಹಿಡ್ಕೊಂಡು ನಿಂತ್ರೆ ತಾನಾಗೇ ತಲೆ ನನ್ನ ಎದೆಮಟ್ಟಕ್ಕೆ ಇಳಿಸ್ತಾನೆ. ಬಾಯಿ ಮೂಲೆಯಲ್ಲಿ ಹಲ್ಲಿಲ್ಲದ ಜಾಗಕ್ಕೆ ಹೆಬ್ಬೆರಳು ಇಟ್ಟೆ ಅಂದ್ರೆ ಬಾಯಿ ಬಿಡ್ತಾನೆ. ಬಿಸಿ ಉಸಿರು, ನೆನೆಸಿದ ಹುರುಳಿ ವಾಸನೆ, ಹಸಿರು ಜೊಲ್ಲು ನನ್ನ ತೋಳಿನ ತನಕ. ನಮ್ಮ ಲಾಯದಲ್ಲಿರೋ ಉದ್ದದೋರ ಕುದುರೆ ಒಂದಾದ್ರೂ ಹೀಗೆ ತಲೆ ಇಳಿಸಲ್ಲ. ಯಾಕಂದ್ರೆ ಅವರಿಗೆ ಕೈ ಎಟಕತ್ತೆ, ಕಲಿಸೋ ಗೋಜಿಗೆ ಹೋಗಲ್ಲ.

ಇನ್ನು ಲಾರಿ ಕಥೆ. ಹೋದ ವರ್ಷ ಒಂದು ಶೋಗೆ ಹೋಗಿ ವಾಪಸ್ ಹೊರಟಾಗ ಗುಂಡ ಲಾರಿ ಹತ್ತಲ್ಲ ಅಂದ. ಹಲಗೆ ಮುಂದೆ ನಾಲ್ಕೂ ಕಾಲು ಊರಿ ನಿಂತ. ನಾನು ಕಾಯ್ತಿದ್ದೆ. ಒಬ್ರು, ಆರಡಿ ಮೇಲೇ ಇದ್ರು, "ಸರೀಮ್ಮಾ, ಇದು ಹೆಂಗಸರ ಕೈಲಾಗೋ ಕೆಲಸ ಅಲ್ಲ" ಅಂತ ಹಗ್ಗ ಕಿತ್ಕೊಂಡ್ರು. ಕಿತ್ಕೊಂಡು ಅಂಗೈಗೆ ಎರಡು ಸುತ್ತು ಸುತ್ಕೊಂಡ್ರು. ಕುದುರೆ ಮುಟ್ಟಿದ ಮೊದಲ ದಿನ ಕಲಿಸೋ ಪಾಠ, ಹಗ್ಗ ಕೈಗೆ ಸುತ್ಕೋಬಾರ್ದು! ಎಳೆದ್ರು. ಗುಂಡ ತಲೆ ಎತ್ತಿದ, ಅಷ್ಟೇ, ಬೇರೇನೂ ಮಾಡ್ಲಿಲ್ಲ. ಅವರ ಎರಡೂ ಕಾಲು ನೆಲ ಬಿಟ್ವು. ಹೆಂಗೋ ಹಗ್ಗ ಬಿಚ್ಕೊಂಡು ಬಿತ್ತು, ಅಂಗೈ ಚರ್ಮ ಅದರ ಜೊತೆಗೇ ಹೋಯ್ತು. ನಗಬಾರ್ದು. ನಾನು ಆಗ ನಗ್ಲಿಲ್ಲ. ಈಗ ನಗ್ತಿದೀನಿ. ಇಪ್ಪತ್ತು ನಿಮಿಷ ಆದ್ಮೇಲೆ, ಒಂದು ಹೆಜ್ಜೆಗೆ ಒಂದು ಸಡಿಲ, ಒಂದು ಹೆಜ್ಜೆಗೆ ಒಂದು ಸಡಿಲ ಅಂತ, ಈ ನಾಲ್ಕಡಿ ಹನ್ನೊಂದರ ಹಿಂದೆ ನಡ್ಕೊಂಡು ಹತ್ತಿದ. ಹೇಳಿ, ಯಾರ ಕೈಲಾಗಲ್ಲ?

"ನಿನ್ನ ಕಾಲು ಅವನ ಪಕ್ಕೆಯ ಅರ್ಧಕ್ಕೇ ನಿಂತುಹೋಗತ್ತೆ, ಅವನಿಗೆ ಗೊತ್ತೇ ಆಗಲ್ಲ" ಅಂತ ಒಬ್ರು ಟ್ರೈನರ್ ಹೇಳಿದ್ರು. ಹೌದು, ಅರ್ಧಕ್ಕೇ ನಿಲ್ಲತ್ತೆ. ನನ್ನ ಹಳೇ ಜೀನಿನ ಪಕ್ಕದ ಚರ್ಮ ಉದ್ದ ಇತ್ತು, ಎಷ್ಟು ಒತ್ತಿದ್ರೂ ನಾನು ಚರ್ಮಕ್ಕೇ ಒತ್ತಿದ ಹಾಗಾಗ್ತಿತ್ತು. ಪಕ್ಕ ಗಿಡ್ಡ ಇರೋ ಜೀನು ತಂದೆ, ಮುಗೀತು. ತಪ್ಪು ಜೀನಿಂದಾ, ನಂದಾ? "ಅಷ್ಟು ಎತ್ತರದಿಂದ ಬಿದ್ರೆ?" ಬಿದ್ದಿದೀನಿ. ನೀವೂ ಬೀಳ್ತೀರಿ. ಹೆಲ್ಮೆಟ್ ಹಾಕ್ಕೊಳಿ. ಮುಂದಿನದು. "ಕುದುರೆ ಹೆದರಿ ಓಡಿದ್ರೆ ನಿಲ್ಸೋಕೆ ಶಕ್ತಿ ಬೇಡ್ವಾ?" ಅಯ್ಯೋ, ಇಷ್ಟೊತ್ತು ಏನ್ ಹೇಳ್ತಿದೀನಿ ನಾನು! ಓಡೋ ಕುದುರೆನ ಶಕ್ತಿಯಿಂದ ಯಾರ ಕೈಲೂ, ಯಾ-ರ ಕೈ-ಲೂ! ನಿಮ್ಮ ವಾದದಲ್ಲಿ ಹುರುಳಿಲ್ಲ. ಹುರುಳಿ ಇರೋದು ಗುಂಡನ ಬಕೆಟ್ಟಲ್ಲಿ.

ಇದನ್ನ ಟೀ ಶರ್ಟ್ ಮೇಲೆ ಹಾಕ್ಸಿದ್ರೆ ತಗೋತೀರಾ? ಹೇಳಿ. ಮಕ್ಕಳ ಸೈಜಲ್ಲೂ ಮಾಡ್ಸ್ತೀನಿ, ನಾನೂ ಅದನ್ನೇ ಹಾಕೋದು.

ದಯವಿಟ್ಟು 'ಮೂರ್ತಿ ಚಿಕ್ಕದಾದ್ರೂ ಕೀರ್ತಿ ದೊಡ್ಡದು' ಅಂತ ಯಾರೂ ಹೇಳ್ಬೇಡಿ. ಒಂದನೇ ಕ್ಲಾಸಿಂದ ಕೇಳ್ತಿದೀನಿ. ವಾಮನಾವತಾರನೂ ಬೇಡ. ಅಸೆಂಬ್ಲಿಯಲ್ಲಿ ಹತ್ತು ವರ್ಷ ಮೊದಲನೇ ಸಾಲಲ್ಲಿ ನಿಂತಿದೀನಿ, ಬಿಸಿಲೆಲ್ಲ ನನ್ನ ಮುಖಕ್ಕೇ. ಗ್ರೂಪ್ ಫೋಟೋದಲ್ಲಿ ಸ್ಲೇಟು ನನ್ನ ಕೈಗೇ ಕೊಡ್ತಿದ್ರು. ಸಾಕು.

ಇಲ್ಲಿ ಸ್ಕ್ರಿಪ್ಟಲ್ಲಿ ಐದನೇ ಪಾಯಿಂಟ್ ಅಂತ ಬರ್ದಿದೀನಿ. ಏನೋ... "ಬೆನ್ನು, ಭುಜ, ಕೇಳು"? ನನ್ನ ಅಕ್ಷರ ನನಗೇ ಓದಕ್ಕೆ ಬರ್ತಿಲ್ಲ. ಹೋಗ್ಲಿ. ಐದನೇ ಪಾಯಿಂಟ್ ಅಂಕಲ್ ತಪ್ಪು. ಆರನೇದೂ ಅದೇ. ಏಳನೇದು, ಅವರ ಮಗಳಿಗೆ ಎಂಟು ವರ್ಷ, ನನ್ನ ಕಂಕುಳಿಗೆ ಬರ್ತಾಳೆ. ಅಪ್ಪ ಮಾತಾಡ್ತಿದ್ದಾಗ ಆ ಹುಡುಗಿ ಬಂದು ಸ್ಟೂಲ್ ಮೇಲೆ ನನ್ನ ಪಕ್ಕ ಹತ್ತಿ ನಿಂತ್ಕೊಂಡು ಬ್ರಷ್ ಕೇಳಿದ್ಲು. ಗುಂಡ ಕಾಲು ಕದಲಿಸ್ಲಿಲ್ಲ. ಅಂಕಲ್, ನಿಮ್ಮ ಕಾಫಿ ಆರಿಹೋಯ್ತು, ನೀವು ನೋಡ್ಲೇ ಇಲ್ಲ.

ಸರಿ, ಸಬ್‌ಸ್ಕ್ರೈಬ್ ಮಾಡಿ, ಸ್ಟೂಲ್ ಆರೇ ಇದೆ. ಲಾಳದ ವಿಡಿಯೋ ಮುಂದಿನ ವಾರ, ಲಾಳ ಹೊಡೆಯೋ ನಾಲ್‌ಬಂದ್ ಸಾಹೇಬ್ರು ಸಿಕ್ರೆ. ಯಾರಾದ್ರೂ ಮತ್ತೆ ಪೋನಿ ಅಂದ್ರೆ... ಲೋ ತಮ್ಮಾ, ಆ ಲೈಟ್ ಆರಿಸೋ, ಕಣ್ಣಿಗೆ ಹೊಡೀತಿದೆ. ಬಾ ಇಲ್ಲಿ, ನೀನೇ ಆರಿಸ್ಬೇಕು. ಆ ಸ್ವಿಚ್ ನನಗೆ ಎಟಕಲ್ಲ.

ಇದನ್ನ ಕಟ್ ಮಾಡು.