ಹೇಸಿಗೆ ಎಂಬ ಮಾತು

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಒಂದು ಪದ ಹಿಡಿದುಕೊಂಡು ಕೂತಿದ್ದೇನೆ. ಹೇಸಿಗೆ.

ಕೂಸು ಬಟ್ಟೆಯಲ್ಲೇ ಕಕ್ಕ ಮಾಡಿಕೊಂಡರೆ 'ಮಗು ಹೇಸಿಗೆ ಮಾಡಿಕೊಂಡಿದೆ' ಅನ್ನುತ್ತೇವೆ. ಅದರಲ್ಲಿ ಬೈಗುಳ ಇಲ್ಲ. ಅಮ್ಮ ನಗುತ್ತಲೇ ತೊಳೆಯುತ್ತಾಳೆ. ಅದೇ ಒಬ್ಬ ಮಗ ಮುದಿ ತಾಯಿಯ ಪಿಂಚಣಿ ದುಡ್ಡು ಕಿತ್ತುಕೊಂಡು ಅವಳನ್ನು ಹೊರಗೆ ಹಾಕಿದ ಅಂತ ಗೊತ್ತಾದರೆ 'ಥೂ, ಎಂಥಾ ಹೇಸಿಗೆ ಬುದ್ಧಿ' ಅನ್ನುತ್ತೇವೆ. ಪದ ಅದೇ. ಆದರೆ ಈ ಕೊಳೆಯನ್ನು ಯಾವ ನೀರಿನಲ್ಲಿ ತೊಳೆಯೋಣ? 'ತಪ್ಪು ಮಾಡಿದ' ಅಂದರೆ ತಿದ್ದಿಕೊಳ್ಳಲಿ ಎಂಬ ಆಸೆ ಉಳಿದಿರುತ್ತದೆ. 'ಹೇಸಿಗೆ ಕೆಲಸ ಮಾಡಿದ' ಅಂದರೆ ಅವನ ಹತ್ತಿರ ನಿಲ್ಲಲೂ ಮನಸ್ಸಿಲ್ಲ ಅಂತ.

ಇದರ ಬೇರು 'ಹೇಸು'. ಹಳಗನ್ನಡದಲ್ಲಿ 'ಪೇಸು'. ಪಾಲು ಹಾಲಾದ ಹಾಗೆ ಪೇಸು ಹೇಸಾಯಿತು. ಈಗ ಈ ಹೇಸುವಿಕೆಯನ್ನು ನಾವು ಹೇಗೆ ಬಳಸುತ್ತೇವೆ, ಸ್ವಲ್ಪ ಗಮನಿಸಿ. 'ಲಂಚ ಕೇಳಲು ಹೇಸುವುದಿಲ್ಲ.' 'ಕೊಲೆಗೂ ಹೇಸದವನು.' ಬರೀ ಇಲ್ಲ, ಇಲ್ಲ. 'ಅವನು ಲಂಚ ಮುಟ್ಟಲು ಹೇಸಿದ' ಎಂಬ ಮಾತನ್ನು ನೀವು ಯಾವಾಗ ಕೇಳಿದ್ದೀರಿ? ಹೇಸದವರ ಬಗ್ಗೆ ಹೇಳಿ ಹೇಳಿ, ಹೇಸಿದವರ ಬಗ್ಗೆ ಹೇಳುವ ರೂಢಿಯೇ ತಪ್ಪಿದೆ. ನನಗೆ ಇದು ಸಂಕಟದ ವಿಷಯ.

ಇದರ ಜೊತೆಯ ಪದ 'ಅಸಹ್ಯ'. ಸಹಿಸಲಾಗದ್ದು. ಬಸವಣ್ಣನವರ 'ಕಳಬೇಡ ಕೊಲಬೇಡ' ವಚನ ನಮಗೆಲ್ಲ ಬಾಯಿಪಾಠ, ಅಲ್ವಾ? ಕಳವು, ಕೊಲೆ, ಹುಸಿ, ಮುನಿಸು ಹೇಳಿದ ಮೇಲೆ 'ಅನ್ಯರಿಗೆ ಅಸಹ್ಯಪಡಬೇಡ' ಅನ್ನುತ್ತಾರೆ. ಮನುಷ್ಯರನ್ನು ಕಂಡು ಮೂಗು ಮುರಿಯುವುದನ್ನು 12ನೇ ಶತಮಾನದಲ್ಲೇ ಅವರು ಕಳವು, ಕೊಲೆಗಳ ಸಾಲಿಗೆ ಸೇರಿಸಿದ್ದರು. ನಾವು ಬಾಯಿಪಾಠ ಮಾಡಿದೆವು, ಅಷ್ಟೇ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗಿನ ಮಾತು. ಮನೆ ಹಿಂದಿನ ಗಲ್ಲಿಗೆ ಬೆಳಿಗ್ಗೆ ಒಬ್ಬ ಹೆಂಗಸು ತಗಡಿನ ಡಬ್ಬ, ಮೋಟು ಪೊರಕೆ ಹಿಡಿದು ಬರುತ್ತಿದ್ದರು. ಕಕ್ಕಸಿನ ಹಿಂದಿನ ಪುಟ್ಟ ಬಾಗಿಲು ತೆಗೆದು, ಬೂದಿ ಎರಚಿ, ಬಾಚಿ ತುಂಬಿಕೊಂಡು, ತಲೆಯ ಮೇಲೆ ಹೊತ್ತು ಹೋಗುತ್ತಿದ್ದರು. ಒಂದು ದಿನ ನಾನು ಮೂಗು ಹಿಡಿದುಕೊಂಡು, ಅವರಿಗೆ ಕೇಳುವ ಹಾಗೆ 'ಥೂ ಹೇಸಿಗೆ' ಅಂದೆ. ಅವರು ತಿರುಗಿ ನೋಡಲಿಲ್ಲ. ಸೆರಗಿನ ಸಿಂಬೆ ಸರಿಮಾಡಿಕೊಂಡು ನಡೆದರು. ಅಜ್ಜಿ ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡರು. 'ಹೇಸಿಗೆ ಮಾಡಿದೋರು ನಾವು ಕಣೋ. ಆಯಮ್ಮ ತೆಗೀತಾ ಇದಾಳೆ.'

1970ರ ದಶಕದಲ್ಲಿ, ದೇವರಾಜ ಅರಸು ಅವರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ದೊಡ್ಡ ಕೆಲಸ ಅದು. ಗಲ್ಲಿಯ ಆ ಪುಟ್ಟ ಬಾಗಿಲುಗಳೂ ಒಂದೊಂದಾಗಿ ಮುಚ್ಚಿದವು.

ಆಮೇಲೆ 2010ರ ಜುಲೈ. ಹಾವೇರಿ ಜಿಲ್ಲೆಯ ಸವಣೂರು. ತಾವು ಬದುಕಿದ ಜಾಗದಿಂದ ಎಬ್ಬಿಸಬೇಡಿ ಎಂದು ಭಂಗಿ ಸಮುದಾಯದ ಕೆಲವರು ಪುರಸಭೆಯ ಮುಂದೆ ನಿಂತು, ಮಲವನ್ನು ತಮ್ಮ ಮೈಮೇಲೆ ತಾವೇ ಸುರಿದುಕೊಂಡರು. ಊರಿನ ಕಕ್ಕಸು ಬಳಿದ ಜನ ಅವರು. ಬಾಯಲ್ಲಿ ಹೇಳಿದ್ದು ಯಾರಿಗೂ ಕೇಳಿಸದೇ ಇದ್ದಾಗ ಹೀಗೆ ಹೇಳಿದರು.

ಆ ಸುದ್ದಿ ಓದಿದಾಗ ನಾನು ಅಡುಗೆಮನೆಯಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದೆ. ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ಹೇಸಿಗೆಯಾಯಿತು. ಮೂಗು ಹಿಡಿದುಕೊಳ್ಳುವಂಥದ್ದೇನೂ ನನ್ನ ಮುಂದೆ ಇರಲಿಲ್ಲ.

ನಮಸ್ಕಾರ.